ಸ್ಕ್ಯಾನರ್ ಒಂದು ಸಬ್‌ನೆಟ್‌ನಲ್ಲಿ, ಫೋಲ್ಡರ್ ಇನ್ನೊಂದರಲ್ಲಿ: ಕಡತ ತಲುಪದಿದ್ದಾಗ ದೋಷ ಹುಡುಕುವ ಬಗೆ

ಕಚೇರಿ ಬೆಳೆಯುತ್ತದೆ. ಒಂದು ಮಹಡಿಯಲ್ಲಿದ್ದ ವ್ಯವಹಾರ ಎರಡು ಮಹಡಿಗಳಿಗೆ ಹರಡುತ್ತದೆ. ಜಾಲದ ಉಸ್ತುವಾರಿ ಹೊತ್ತವರು ಹಳೆಯ ಒಂದೇ ಜಾಲವನ್ನು ಎರಡು ಉಪಜಾಲಗಳಾಗಿ, ಅಂದರೆ ಸಬ್‌ನೆಟ್‌ಗಳಾಗಿ ವಿಂಗಡಿಸುತ್ತಾರೆ. ಮರುದಿನ ಬೆಳಿಗ್ಗೆ ಕೆಳಮಹಡಿಯ ಸ್ಕ್ಯಾನರ್ ಮುಂದೆ ಸಿಬ್ಬಂದಿಯ ಸಾಲು. ಮುದ್ರಣ ಎಂದಿನಂತೆ ನಡೆದಿದೆ, ಜೆರಾಕ್ಸ್ ತೆಗೆಯುವುದಕ್ಕೂ ಅಡ್ಡಿಯಿಲ್ಲ. ಆದರೆ ಸ್ಕ್ಯಾನ್ ಮಾಡಿದ ಪುಟಗಳು ಮಾತ್ರ ಮೇಲ್ಮಹಡಿಯ ಕಂಪ್ಯೂಟರಿನ ಫೋಲ್ಡರ್ ಸೇರುತ್ತಿಲ್ಲ. ಯಂತ್ರದ ಪುಟ್ಟ ಪರದೆ ‘ಸಂಪರ್ಕ ವಿಫಲ’ ಎಂದು ತೋರಿಸಿ ಸುಮ್ಮನಾಗುತ್ತದೆ.

ಇಂತಹ ಸಂದರ್ಭದಲ್ಲಿ ಮೊದಲು ದೂರು ಬರುವುದು ಯಂತ್ರದ ಮೇಲೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವುದು, ಯಂತ್ರವನ್ನು ಆರಿಸಿ ಹೊತ್ತಿಸುವುದು ಮೊದಲಾದ ಚಿಕಿತ್ಸೆಗಳು ಮುಗಿದ ಬಳಿಕ, ಯಾರಾದರೊಬ್ಬರು ಕಂಪ್ಯೂಟರಿನ ಫೈರ್‌ವಾಲನ್ನೇ ಪೂರ್ತಿಯಾಗಿ ಆರಿಸಿಬಿಡುತ್ತಾರೆ. ಕಡತ ಹೋಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಆರಿಸಿದ ಫೈರ್‌ವಾಲ್ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಸ್ಕ್ಯಾನರ್ ಮೂಲಕ ಹಾದುಹೋಗುವುದು ಆಧಾರ್ ಪ್ರತಿ, ಪಹಣಿ, ರೋಗಿಯ ವರದಿ, ಸಂಬಳದ ಪಟ್ಟಿಯಂತಹ ದಾಖಲೆಗಳು. ಜನರ ವೈಯಕ್ತಿಕ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಗೋಡೆಯನ್ನೇ ಕೆಡವುವ ಮೊದಲು ಬಾಗಿಲು ಎಲ್ಲಿ ಮುಚ್ಚಿದೆ ಎಂದು ನೋಡುವುದು ಲೇಸು. ಬಹುಪಾಲು ಪ್ರಕರಣಗಳಲ್ಲಿ ಮುಚ್ಚಿದ ಬಾಗಿಲು ಒಂದೇ ಆಗಿರುತ್ತದೆ.

ಎಲ್ಲೆಯ ಒಳಗೆ, ಎಲ್ಲೆಯ ಹೊರಗೆ

ಉದಾಹರಣೆಗೆ ಕೆಳಮಹಡಿಯ ಸ್ಕ್ಯಾನರ್‌ನ ವಿಳಾಸ 192.168.10.50 ಎಂದಿರಲಿ, ಕಡತ ಸೇರಬೇಕಾದ ಮೇಲ್ಮಹಡಿಯ ಕಂಪ್ಯೂಟರಿನದು 192.168.20.15. ಎರಡೂ ಕಡೆ ಸಬ್‌ನೆಟ್ ಮಾಸ್ಕ್ 255.255.255.0. ಮೊದಲ ಮೂರು ಅಂಕೆಗಳು ಊರಿನ ಹೆಸರು, ಕೊನೆಯದು ಮನೆಯ ಸಂಖ್ಯೆ ಎಂಬುದು ಈ ಮಾಸ್ಕ್‌ನ ತಾತ್ಪರ್ಯ. ಅದೇ ಊರಿನ ಮನೆಗಳಿಗೆ ಯಂತ್ರಗಳು ನೇರವಾಗಿ ಹೋಗಿ ಬರುತ್ತವೆ. ಪರವೂರಿಗೆ ಹೋಗಬೇಕಾದರೆ ಊರಬಾಗಿಲನ್ನು ದಾಟಲೇಬೇಕು. ಆ ಊರಬಾಗಿಲೇ ಗೇಟ್‌ವೇ; ಅಲ್ಲಿ ಕುಳಿತು ದಾರಿ ತೋರುವ ಯಂತ್ರವೇ ರೌಟರ್ ಅಥವಾ ಆ ಕೆಲಸವನ್ನೂ ಬಲ್ಲ ಸ್ವಿಚ್.

ಹೀಗೆ ಜಾಲವನ್ನು ಒಡೆಯುವುದು ಅನಾವಶ್ಯಕ ಕಸರತ್ತೇನಲ್ಲ. ಒಂದು ವಿಭಾಗದ ಕಂಪ್ಯೂಟರಿಗೆ ವೈರಸ್ ತಗಲಿದರೆ ಅದು ಇನ್ನೊಂದು ವಿಭಾಗಕ್ಕೆ ಸುಲಭವಾಗಿ ಹರಡದಿರಲಿ ಎಂಬ ಉದ್ದೇಶವೂ ಅದರ ಹಿಂದಿದೆ. ಎಲ್ಲವನ್ನೂ ಮತ್ತೆ ಒಂದೇ ಸಬ್‌ನೆಟ್‌ಗೆ ತಂದರೆ ಸ್ಕ್ಯಾನರ್ ಸಮಸ್ಯೆ ಮಾಯವಾಗುವುದು ನಿಜ. ಅದರೊಡನೆ ಆ ರಕ್ಷಣೆಯೂ ಮಾಯವಾಗುತ್ತದೆ.

ಮುದ್ರಣ ಸಾಧ್ಯ, ಸ್ಕ್ಯಾನ್ ಅಸಾಧ್ಯ – ಏಕೆ?

ಸಿಬ್ಬಂದಿಯನ್ನು ಅತಿ ಹೆಚ್ಚು ಗೊಂದಲಕ್ಕೆ ಈಡುಮಾಡುವ ಪ್ರಶ್ನೆ ಇದೇ. ಅದೇ ಯಂತ್ರ, ಅದೇ ಕೇಬಲ್, ಅದೇ ಕಂಪ್ಯೂಟರ್. ಕಾಗದ ಬರುತ್ತದೆ, ಕಡತ ಹೋಗುವುದಿಲ್ಲ. ಇದಕ್ಕೆ ಕಾರಣ ಯಾರು ಮೊದಲು ಮಾತನಾಡಿಸುತ್ತಾರೆ ಎಂಬುದರಲ್ಲಿದೆ. ಮುದ್ರಿಸುವಾಗ ಕಂಪ್ಯೂಟರ್ ಮುಂದಾಗಿ ಯಂತ್ರವನ್ನು ಸಂಪರ್ಕಿಸುತ್ತದೆ. ಫೋಲ್ಡರ್‌ಗೆ ಸ್ಕ್ಯಾನ್ ಮಾಡುವಾಗ ಯಂತ್ರವೇ ಮುಂದಾಗಿ ಕಂಪ್ಯೂಟರಿನ ಬಾಗಿಲು ತಟ್ಟಬೇಕು. ಒಳಗಿನವರು ಹೊರಗೆ ಹೋಗಲು ಬಿಡುವ, ಹೊರಗಿನವರನ್ನು ಒಳಗೆ ಬಿಡದ ಕಾವಲುಗಾರನೇ ಫೈರ್‌ವಾಲ್. ಆದ್ದರಿಂದ ಮುದ್ರಣ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ‘ಜಾಲ ಸರಿಯಿದೆ’ ಎಂದು ತೀರ್ಮಾನಿಸುವಂತಿಲ್ಲ.

ಆದರೂ ಮುದ್ರಣದಿಂದ ಒಂದು ಸುಳಿವು ದೊರೆಯುತ್ತದೆ. ಮೇಲ್ಮಹಡಿಯ ಕಂಪ್ಯೂಟರಿನಿಂದ ನೇರವಾಗಿ ಮುದ್ರಣ ಸಾಧ್ಯವಾದರೆ, ಯಂತ್ರದ ಉತ್ತರ ಅಲ್ಲಿಗೆ ಮರಳಿ ತಲುಪುತ್ತಿದೆ ಎಂದಾಯಿತು. ಯಂತ್ರಕ್ಕೆ ಊರಬಾಗಿಲು ಗೊತ್ತಿದೆ ಎಂದೂ ಆಯಿತು. ಆಗ ಹುಡುಕಾಟವನ್ನು ಕಂಪ್ಯೂಟರಿನ ಕಡೆಯಿಂದ ಆರಂಭಿಸಬಹುದು. ಮುದ್ರಣವೂ ಆಗುತ್ತಿಲ್ಲ, ಯಂತ್ರದ ವೆಬ್ ಪುಟವೂ ಮೇಲ್ಮಹಡಿಯಲ್ಲಿ ತೆರೆಯುತ್ತಿಲ್ಲ ಎಂದಾದರೆ ಯಂತ್ರದ ಕಡೆಯಿಂದ ಆರಂಭಿಸಬೇಕು. ಈ ಸುಳಿವಿಗೆ ಎರಡು ಅಪವಾದಗಳಿವೆ. ಮುದ್ರಣದ ಕೆಲಸ ಕೆಳಮಹಡಿಯಲ್ಲೇ ಇರುವ ಬೇರೊಂದು ಸರ್ವರ್ ಮೂಲಕ ಹೋಗುತ್ತಿದ್ದರೆ ಅದು ಏನನ್ನೂ ಸಾಬೀತುಪಡಿಸುವುದಿಲ್ಲ. ಎರಡನೆಯ ಅಪವಾದ ರೌಟರ್‌ನ ಹಿಂದೆ ಇನ್ನೊಂದು ರೌಟರ್ ಇರುವ ಪ್ರಸಂಗ. ಅದರ ವಿವರ ಮುಂದೆ ಬರಲಿದೆ.

ಯಂತ್ರದ ಕಡೆ: ಮಾಸ್ಕ್, ಗೇಟ್‌ವೇ

ಯಂತ್ರದ ಜಾಲ ವಿವರಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳುವ ಸೌಲಭ್ಯ ಬಹುತೇಕ ಎಲ್ಲ ತಯಾರಿಕೆಗಳಲ್ಲೂ ಇದೆ. ಆ ಹಾಳೆಯಲ್ಲಿ ನೋಡಬೇಕಾದದ್ದು ಮೂರು ಸಾಲು: ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ. ಗೇಟ್‌ವೇ ಜಾಗ ಖಾಲಿ ಇರುವುದು ಅಥವಾ 0.0.0.0 ಎಂದಿರುವುದು ಸಾಮಾನ್ಯ ದೋಷ. ಇಡೀ ಕಚೇರಿ ಒಂದೇ ಜಾಲದಲ್ಲಿದ್ದಾಗ ಗೇಟ್‌ವೇಯ ಅಗತ್ಯವೇ ಬಿದ್ದಿರಲಿಲ್ಲ. ವಿಳಾಸವನ್ನು ಕೈಯಿಂದ ತುಂಬಿದವರು ಅದನ್ನು ಬಿಟ್ಟಿದ್ದರೂ ಯಾರಿಗೂ ತಿಳಿದಿರಲಿಲ್ಲ. ಜಾಲ ಒಡೆದ ದಿನ ಆ ಹಳೆಯ ಲೋಪ ಹೊರಬಿತ್ತು.

ಮಾಸ್ಕ್ ತಪ್ಪಾಗಿದ್ದರೆ ಅದನ್ನು ಗುರುತಿಸುವುದು ಇನ್ನೂ ಕಷ್ಟ. 255.255.255.0 ಎಂದಿರಬೇಕಾದಲ್ಲಿ 255.255.0.0 ಎಂದಿದ್ದರೆ, 192.168.20.15 ಕೂಡ ತನ್ನದೇ ಊರಿನ ಮನೆ ಎಂದು ಸ್ಕ್ಯಾನರ್ ಭಾವಿಸುತ್ತದೆ. ಗೇಟ್‌ವೇ ಸರಿಯಾಗಿ ಬರೆದಿದ್ದರೂ ಅತ್ತ ಸುಳಿಯುವುದಿಲ್ಲ. ತನ್ನ ಓಣಿಯಲ್ಲೇ ಆ ಮನೆಯನ್ನು ಕೂಗಿ ಕರೆಯುತ್ತದೆ, ಉತ್ತರ ಬಾರದೆ ಸೋಲುತ್ತದೆ. ಯಂತ್ರದಲ್ಲಿ ಈ ಬದಲಾವಣೆಗಳನ್ನು ಮಾಡಿದ ನಂತರ ಒಮ್ಮೆ ಆರಿಸಿ ಹೊತ್ತಿಸುವುದು ಅಗತ್ಯ. ಕೆಲವು ಮಾದರಿಗಳು ಅಲ್ಲಿಯವರೆಗೆ ಹಳೆಯ ಅಂಕೆಗಳನ್ನೇ ಹಿಡಿದುಕೊಂಡಿರುತ್ತವೆ.

ಊರ ಗಡಿ ದಾಟದ ಡಂಗುರ

ಸ್ಕ್ಯಾನರ್‌ನ ವಿಳಾಸ ಪುಸ್ತಕದಲ್ಲಿ ಕಂಪ್ಯೂಟರಿನ ಹೆಸರು, ಉದಾಹರಣೆಗೆ ‘ಲೆಕ್ಕಪತ್ರ-2’ ಎಂಬಂತಹದ್ದು ಇರುವುದುಂಟು. ಆ ಹೆಸರಿನಿಂದ ವಿಳಾಸವನ್ನು ಪತ್ತೆ ಮಾಡಲು ಹಳೆಯ ನೆಟ್‌ಬಯಾಸ್ ಪದ್ಧತಿಯಲ್ಲಿ ಯಂತ್ರ ಇಡೀ ಸಬ್‌ನೆಟ್‌ಗೆ ಕೇಳುವಂತೆ ಡಂಗುರ ಸಾರುತ್ತದೆ. ಯುಡಿಪಿ 137ನೇ ಪೋರ್ಟ್‌ನಲ್ಲಿ ಈ ಕೂಗು ಹೊರಡುತ್ತದೆ. ಆ ಹೆಸರಿನ ಕಂಪ್ಯೂಟರ್ ಹತ್ತಿರವಿದ್ದರೆ ‘ನಾನೇ’ ಎನ್ನುತ್ತದೆ. ಒಂದೂರಿನ ಡಂಗುರ ಇನ್ನೊಂದೂರಿಗೆ ಕೇಳಿಸೀತೇ? ರೌಟರ್‌ಗಳು ಇಂತಹ ಕೂಗನ್ನು ಗಡಿಯಾಚೆಗೆ ಸಾಗಿಸುವುದಿಲ್ಲ, ಸಾಗಿಸಲೂಬಾರದು. ಒಂದೇ ಸಬ್‌ನೆಟ್‌ನಲ್ಲಿ ವರ್ಷಾನುಗಟ್ಟಲೆ ಸರಿಯಾಗಿದ್ದ ಹೆಸರು ಜಾಲ ಒಡೆದ ತಕ್ಷಣ ಅಪರಿಚಿತವಾಗುವುದು ಹೀಗೆ.

ಪರೀಕ್ಷೆ ಸುಲಭ. ಹೆಸರಿನ ಬದಲಿಗೆ 192.168.20.15 ಎಂಬ ಅಂಕೆಯನ್ನೇ ತುಂಬಿ ನೋಡಬೇಕು. ಕಡತ ಹೋದರೆ ದೋಷ ಹೆಸರಿನಲ್ಲಿದೆ. ಶಾಶ್ವತ ಪರಿಹಾರಕ್ಕೆ ಎರಡು ದಾರಿಗಳಿವೆ. ಕಚೇರಿಯಲ್ಲಿ ಡಿಎನ್ಎಸ್ ಸರ್ವರ್ ಇದ್ದರೆ ಅದರ ವಿಳಾಸವನ್ನು ಸ್ಕ್ಯಾನರ್‌ಗೆ ತಿಳಿಸಿ, ಕಂಪ್ಯೂಟರಿನ ಪೂರ್ಣ ಹೆಸರನ್ನು ಬಳಸಬೇಕು. ಇಲ್ಲವಾದರೆ ಅಂಕೆಯನ್ನೇ ಉಳಿಸಿಕೊಂಡು, ಆ ವಿಳಾಸ ಆ ಕಂಪ್ಯೂಟರಿಗೇ ಮೀಸಲಾಗಿರುವಂತೆ ಡಿಎಚ್‌ಸಿಪಿಯಲ್ಲಿ ವ್ಯವಸ್ಥೆ ಮಾಡಬೇಕು. ಎರಡನೆಯದನ್ನು ಮರೆತವರಿಗೆ ಕೆಲವು ವಾರಗಳ ನಂತರ ವಿಳಾಸ ಬದಲಾಗಿ, ಅದೇ ತಾಪತ್ರಯ ಮತ್ತೆ ಎದುರಾಗುತ್ತದೆ.

ಯಂತ್ರದ ಗುಂಡಿ ಒತ್ತಿದಾಗ ಪರದೆಯ ಮೇಲೆ ಕಂಪ್ಯೂಟರುಗಳ ಪಟ್ಟಿ ತಾನಾಗಿ ಮೂಡುವ ಸೌಲಭ್ಯಗಳೂ ಈ ಬಗೆಯ ಡಂಗುರವನ್ನು ನೆಚ್ಚಿಕೊಂಡಿರುವುದು ಹೆಚ್ಚು. ವಿಂಡೋಸ್‌ನ ಡಬ್ಲ್ಯುಎಸ್‌ಡಿ ಯುಡಿಪಿ 3702ರಲ್ಲಿ ಗುಂಪಿಗೆ ಕರೆ ಕಳುಹಿಸುತ್ತದೆ. ಆಪಲ್ ಯಂತ್ರಗಳು ಬಳಸುವ ಎಂಡಿಎನ್ಎಸ್ ಸ್ವಭಾವತಃ ತನ್ನ ಓಣಿ ಬಿಟ್ಟು ಹೊರಡುವುದೇ ಇಲ್ಲ. ಇವನ್ನು ಬಲವಂತವಾಗಿ ಗಡಿ ದಾಟಿಸಲು ಹೆಣಗುವುದಕ್ಕಿಂತ, ವಿಳಾಸವನ್ನು ಕೈಯಿಂದ ತುಂಬಿ ಫೋಲ್ಡರ್‌ಗೆ ಕಳುಹಿಸುವ ವಿಧಾನವೇ ಮೇಲು.

ವಿಂಡೋಸ್ ಕಾವಲುಗಾರನ ಒಂದು ನಿಯಮ

ವಿಳಾಸ ಸರಿ, ಮಾಸ್ಕ್ ಸರಿ, ಗೇಟ್‌ವೇ ಸರಿ, ಆದರೂ ಕಡತ ಹೋಗುತ್ತಿಲ್ಲ ಎನ್ನುವಾಗ ಮೊದಲು ಸಂಶಯಿಸಬೇಕಾದದ್ದು ಕಡತ ಸ್ವೀಕರಿಸುವ ವಿಂಡೋಸ್ ಕಂಪ್ಯೂಟರನ್ನು. ಫೋಲ್ಡರ್ ಹಂಚಿಕೆಗೆ ಬಳಕೆಯಾಗುವ ಎಸ್ಎಂಬಿ ವಿಧಾನ ಟಿಸಿಪಿ 445ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಫೋಲ್ಡರನ್ನು ಹಂಚಿದಾಗ ವಿಂಡೋಸ್ ತಾನೇ ಫೈರ್‌ವಾಲ್‌ನಲ್ಲಿ ಈ ಬಾಗಿಲು ತೆರೆಯುತ್ತದೆ, ಆದರೆ ಯಾರಿಗೆ? ‘ಖಾಸಗಿ’ ಮತ್ತು ‘ಸಾರ್ವಜನಿಕ’ ಜಾಲಗಳ ನಿಯಮದಲ್ಲಿ ಅನುಮತಿ ಇರುವುದು ‘ಸ್ಥಳೀಯ ಸಬ್‌ನೆಟ್’ಗೆ ಮಾತ್ರ. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಿಂದಲೂ ಇದೇ ಪರಿಪಾಠ. ಡೊಮೇನ್‌ಗೆ ಸೇರಿದ ಕಂಪ್ಯೂಟರುಗಳಲ್ಲಿ ಈ ಮಿತಿ ಇಲ್ಲದಿರುವುದರಿಂದ ದೊಡ್ಡ ಸಂಸ್ಥೆಗಳಿಗಿಂತ ಸಣ್ಣ ಕಚೇರಿಗಳೇ ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಕೆಳಮಹಡಿಯ ಕಂಪ್ಯೂಟರಿಗೆ ಸ್ಕ್ಯಾನ್ ಹೋಗುತ್ತದೆ, ಮೇಲ್ಮಹಡಿಯದಕ್ಕೆ ಹೋಗುವುದಿಲ್ಲ ಎಂಬ ದೂರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಕಾರಣ ಬೇರೊಂದಿಲ್ಲ.

ಇಲ್ಲಿ ‘ಪಿಂಗ್’ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ ಎಂಬುದು ಗಮನಾರ್ಹ. ಪಿಂಗ್‌ಗೆ ಉತ್ತರಿಸುವ ನಿಯಮವೂ ಅದೇ ಗುಂಪಿಗೆ ಸೇರಿದ್ದು, ಅದಕ್ಕೂ ಸ್ಥಳೀಯ ಸಬ್‌ನೆಟ್‌ನ ಮಿತಿಯೇ ಇದೆ. ಪಿಂಗ್‌ಗೆ ಉತ್ತರ ಬರಲಿಲ್ಲವೆಂದು ರೌಟರನ್ನು ದೂರುವವರು ದಿನಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ಬೇರೆ ಇದೆ. ಸ್ಕ್ಯಾನರನ್ನು ಆರಿಸಿ, ಅದರ ಕೇಬಲನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಸ್ಕ್ಯಾನರ್‌ನ ವಿಳಾಸ, ಮಾಸ್ಕ್, ಗೇಟ್‌ವೇಗಳನ್ನೇ ಅದಕ್ಕೆ ಕೊಡಬೇಕು. ಅನಂತರ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶದಿಂದ ಮೇಲ್ಮಹಡಿಯ ಕಂಪ್ಯೂಟರಿನ 445ನೇ ಪೋರ್ಟ್ ತೆರೆದಿದೆಯೇ ಎಂದು ನೋಡಬೇಕು. ಲ್ಯಾಪ್‌ಟಾಪ್‌ಗೂ ಬಾಗಿಲು ತೆರೆಯದಿದ್ದರೆ ಸ್ಕ್ಯಾನರ್ ನಿರ್ದೋಷಿ.

ಪರಿಹಾರ ಫೈರ್‌ವಾಲ್ ಆರಿಸುವುದಲ್ಲ. ಅದರ ಸುಧಾರಿತ ವಿಭಾಗದಲ್ಲಿ ಒಳಬರುವ ನಿಯಮಗಳ ಪಟ್ಟಿ ತೆರೆದು, ಕಡತ ಮತ್ತು ಮುದ್ರಕ ಹಂಚಿಕೆಯ ಎಸ್ಎಂಬಿ ನಿಯಮವನ್ನು ಆರಿಸಿಕೊಂಡು, ಅದರ ವ್ಯಾಪ್ತಿಗೆ 192.168.10.50 ಎಂಬ ಒಂದೇ ವಿಳಾಸವನ್ನು ಸೇರಿಸಿದರೆ ಸಾಕು. ಇಡೀ ಕೆಳಮಹಡಿಯನ್ನು ಸೇರಿಸುವ ಅಗತ್ಯವೂ ಇಲ್ಲ. ಆಂಟಿವೈರಸ್ ತಂತ್ರಾಂಶಗಳು ತಮ್ಮದೇ ಫೈರ್‌ವಾಲ್ ತಂದಿದ್ದರೆ, ‘ವಿಶ್ವಾಸಾರ್ಹ ಜಾಲ’ ಎಂಬ ಪಟ್ಟಿಯಲ್ಲಿ ಇದೇ ಸೇರ್ಪಡೆಯನ್ನು ಮತ್ತೊಮ್ಮೆ ಮಾಡಬೇಕಾದೀತು.

ಕಾವಲುಗಾರ ಕಂಪ್ಯೂಟರಿನಲ್ಲಷ್ಟೇ ಅಲ್ಲ, ರೌಟರ್‌ನಲ್ಲಿಯೂ ಇರಬಹುದು. ವಿಎಲ್‌ಎಎನ್‌ಗಳ ನಡುವೆ ನಿರ್ಬಂಧ ಹಾಕಿರುವ ಕಡೆ, ಸ್ಕ್ಯಾನರ್‌ನಿಂದ ಆ ಕಂಪ್ಯೂಟರಿನ 445ಕ್ಕೆ ಹೋಗಲು ಪ್ರತ್ಯೇಕ ಅನುಮತಿ ಬರೆಯಬೇಕು. ಸ್ವಿಚ್‌ಗಳಲ್ಲಿನ ಸರಳ ನಿಯಮಗಳು ಹೋದ ಸಂಪರ್ಕವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹೋಗುವ ದಾರಿಯ ಜೊತೆಗೆ ಉತ್ತರ ಮರಳುವ ದಾರಿಗೂ ಅನುಮತಿ ಬೇಕಾಗುತ್ತದೆ.

ಉತ್ತರ ಮರಳುವ ದಾರಿ ಇನ್ನೊಂದು ರೀತಿಯಲ್ಲೂ ತಪ್ಪುವುದುಂಟು. ‘ಈ ಸರ್ವರ್‌ಗೆ ಇಂಟರ್‌ನೆಟ್ ಬೇಡ’ ಎಂದು ಯಾರೋ ಅದರ ಗೇಟ್‌ವೇಯನ್ನೇ ಖಾಲಿ ಬಿಟ್ಟಿರುತ್ತಾರೆ. ಸ್ಕ್ಯಾನರ್‌ನ ಕರೆ ಅಲ್ಲಿಗೆ ತಲುಪುತ್ತದೆ, ಉತ್ತರ ಮಾತ್ರ ಹೊರಡುವುದಿಲ್ಲ. ಕೇಬಲ್ ಮತ್ತು ವೈ-ಫೈ ಎರಡನ್ನೂ ಹಿಡಿದ, ಅಥವಾ ವಿಪಿಎನ್ ಚಾಲೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಉತ್ತರ ಬೇರೆ ದಾರಿ ಹಿಡಿದು ಕಳೆದುಹೋಗಬಹುದು.

ರೌಟರ್‌ನ ಹಿಂದೆ ಇನ್ನೊಂದು ರೌಟರ್

ಸಬ್‌ನೆಟ್ ಎಂಬ ಪದವನ್ನೇ ಕೇಳದ ಕಚೇರಿಗಳಲ್ಲೂ ಎರಡು ಸಬ್‌ನೆಟ್‌ಗಳಿರುವುದು ವಿಚಿತ್ರವಾದರೂ ಸತ್ಯ. ವೈ-ಫೈ ಬೇಕೆನಿಸಿದಾಗ ಅಂಗಡಿಯಿಂದ ಮನೆಬಳಕೆಯ ರೌಟರ್ ತಂದು, ಅದರ ‘ವ್ಯಾನ್’ ಎಂದು ಬರೆದ ರಂಧ್ರಕ್ಕೆ ಕಚೇರಿಯ ಕೇಬಲ್ ಸಿಕ್ಕಿಸಲಾಗುತ್ತದೆ. ಆ ಪೆಟ್ಟಿಗೆ ತನ್ನ ಹಿಂದೆ ಹೊಸದೊಂದು ಊರನ್ನೇ ಕಟ್ಟುತ್ತದೆ. ಹಳೆಯ ಜಾಲ 192.168.1 ಆಗಿದ್ದರೆ, ವೈ-ಫೈ ಕಂಪ್ಯೂಟರುಗಳು 192.168.0ಕ್ಕೆ ಸೇರುತ್ತವೆ. ಒಳಗಿನವರೆಲ್ಲ ಹೊರಗೆ ಹೋಗುವಾಗ ರೌಟರ್‌ನ ಒಂದೇ ವಿಳಾಸವನ್ನು ತೊಟ್ಟು ಹೋಗುತ್ತಾರೆ; ಇದೇ ‘ನ್ಯಾಟ್’. ಸ್ಕ್ಯಾನರ್‌ನ ಕಣ್ಣಿಗೆ ಅವರು ತನ್ನದೇ ಊರಿನವರಂತೆ ಕಾಣುವುದರಿಂದ ಮುದ್ರಣ ನಿರಾತಂಕ. ಆದರೆ ಸ್ಕ್ಯಾನರ್ ತಾನಾಗಿ ಅವರ ಬಳಿ ಹೋಗಲಾರದು. 192.168.0 ಎಂಬ ಊರು ಎಲ್ಲಿದೆ ಎಂಬುದೇ ಅದಕ್ಕಾಗಲಿ ಕಚೇರಿಯ ಮುಖ್ಯ ರೌಟರ್‌ಗಾಗಲಿ ತಿಳಿಯದು.

ಪೋರ್ಟ್ ಫಾರ್ವರ್ಡಿಂಗ್ ಮಾಡಿ ರಂಧ್ರ ಕೊರೆಯುವ ಸಲಹೆ ಹಲವರು ಕೊಡುತ್ತಾರೆ. ಅದು ಬೇಡ. ಆ ಪೆಟ್ಟಿಗೆಯನ್ನು ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಬೇಕು. ಆ ಆಯ್ಕೆ ಇಲ್ಲದಿದ್ದರೆ ಮೊದಲು ಅದರ ಸ್ವಂತ ವಿಳಾಸವನ್ನು ಕಚೇರಿ ಜಾಲದ ಖಾಲಿ ವಿಳಾಸವೊಂದಕ್ಕೆ ಬದಲಿಸಿ, ಅದರ ಡಿಎಚ್‌ಸಿಪಿಯನ್ನು ಆರಿಸಿ, ಕೇಬಲನ್ನು ‘ಲ್ಯಾನ್’ ರಂಧ್ರಕ್ಕೆ ಸ್ಥಳಾಂತರಿಸಬೇಕು. ಅಲ್ಲಿಗೆ ಎರಡನೆಯ ಊರೇ ಇಲ್ಲವಾಗುತ್ತದೆ. ಅತಿಥಿಗಳಿಗೆಂದು ಬೇರ್ಪಡಿಸಿದ ವೈ-ಫೈಗೆ ಸಿಬ್ಬಂದಿಯ ಕಂಪ್ಯೂಟರುಗಳು ಸೇರಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಹಳೆಯ ಎಸ್ಎಂಬಿಯ ಆಸೆ ಬೇಡ

ಬಾಗಿಲು ತೆರೆದಿದೆ, ಆದರೂ ಯಂತ್ರ ‘ಲಾಗಿನ್ ವಿಫಲ’ ಎನ್ನುತ್ತಿದೆ ಎಂದಾದರೆ ಸಮಸ್ಯೆ ಸಬ್‌ನೆಟ್‌ನದಲ್ಲ, ಭಾಷೆಯದು. ಜಾಲ ಬದಲಿಸಿದ ದಿನವೇ ಹೊಸ ಕಂಪ್ಯೂಟರನ್ನೂ ಕೂರಿಸಿದ್ದರೆ ಎರಡು ಕಾರಣಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಹಳೆಯ ಸ್ಕ್ಯಾನರ್‌ಗಳಿಗೆ ಗೊತ್ತಿರುವುದು ಎಸ್ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಈಚೆಗೆ ಹೊಸದಾಗಿ ಸ್ಥಾಪಿಸಿದ ವಿಂಡೋಸ್‌ನಲ್ಲಿ ಇದರ ಸ್ವೀಕರಿಸುವ ಭಾಗ ತಾನಾಗಿ ಇರುವುದಿಲ್ಲ. 2024ರ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರೊ ಮತ್ತು ಎಂಟರ್‌ಪ್ರೈಸ್ ಬಗೆಗಳಲ್ಲಿ ಸಂದೇಶಗಳಿಗೆ ಡಿಜಿಟಲ್ ಸಹಿಯನ್ನೂ ಕಡ್ಡಾಯ ಮಾಡಿದೆ.

ಮೊದಲ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿದರೆ ಹಳೆಯ ಸ್ಕ್ಯಾನರ್ ಕೂಡಲೇ ಕೆಲಸ ಮಾಡುವುದು ನಿಜ. ಆದರೆ 2017ರ ಮೇ 12ರಂದು ಆರಂಭವಾಗಿ 150ಕ್ಕೂ ಹೆಚ್ಚು ದೇಶಗಳನ್ನು ಕಾಡಿದ ‘ವಾನಾಕ್ರೈ’ ಹಾವಳಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು ಇದೇ ಆವೃತ್ತಿಯ ದೋಷವನ್ನು ಬಳಸಿಕೊಂಡು. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ತೇಪೆ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ತೊಂದರೆಗೆ ಸಿಲುಕಿದರು. ಸ್ಕ್ಯಾನರ್‌ನ ಫರ್ಮ್‌ವೇರ್ ನವೀಕರಿಸಿದರೆ ಎಸ್ಎಂಬಿಯ ಹೊಸ ಆವೃತ್ತಿ ದೊರೆಯುವುದೇ ಎಂದು ಮೊದಲು ವಿಚಾರಿಸಬೇಕು. ದೊರೆಯದಿದ್ದರೆ ಇಮೇಲ್ ಮೂಲಕ ಕಳುಹಿಸುವ ದಾರಿಯಿದೆ. ಸ್ಕ್ಯಾನರ್‌ನ ಸಬ್‌ನೆಟ್‌ನಲ್ಲೇ ಒಂದು ಎಫ್‌ಟಿಪಿ ಪೆಟ್ಟಿಗೆ ಇಟ್ಟು, ಮೇಲ್ಮಹಡಿಯವರು ಅಲ್ಲಿಂದ ಕಡತ ಎತ್ತಿಕೊಳ್ಳುವಂತೆಯೂ ಮಾಡಬಹುದು. ಇದರಲ್ಲಿ ಮಾತನಾಡಿಸುವ ದಿಕ್ಕೇ ತಿರುಗುವುದರಿಂದ ಮೇಲೆ ಹೇಳಿದ ಎಷ್ಟೋ ಕಂಟಕಗಳು ತಾವಾಗಿ ನಿವಾರಣೆಯಾಗುತ್ತವೆ.

ಎಫ್‌ಟಿಪಿಯನ್ನು ಸಬ್‌ನೆಟ್ ದಾಟಿಸುವವರು ಒಂದು ಸಂಗತಿ ತಿಳಿದಿರಬೇಕು. ಲಾಗಿನ್ ಆಗುತ್ತದೆ, ಕಡತದ ಹೆಸರೂ ಮೂಡುತ್ತದೆ, ಗಾತ್ರ ಮಾತ್ರ ಸೊನ್ನೆ ಎಂದಾದರೆ ‘ಆಕ್ಟಿವ್’ ವಿಧಾನ ಚಾಲೂ ಇದೆ ಎಂದು ಸಂಶಯಿಸಬಹುದು. ಅದರಲ್ಲಿ ಕಡತಕ್ಕಾಗಿ ಸರ್ವರ್ ತಿರುಗಿ ಸ್ಕ್ಯಾನರ್ ಕಡೆಗೆ ಎರಡನೆಯ ಸಂಪರ್ಕ ತೆರೆಯುತ್ತದೆ, ನಡುವಿನ ಫೈರ್‌ವಾಲ್ ಅದನ್ನು ತಡೆಯುತ್ತದೆ. ‘ಪ್ಯಾಸಿವ್’ಗೆ ಬದಲಿಸಿ, ಸರ್ವರ್‌ನಲ್ಲಿ ಕೆಲವೇ ಪೋರ್ಟ್‌ಗಳನ್ನು ಅದಕ್ಕಾಗಿ ನಿಗದಿಪಡಿಸಿದರೆ ಸರಿಹೋಗುತ್ತದೆ.

ಊಹೆಯ ಬದಲು ಸಾಕ್ಷ್ಯ

ಇಷ್ಟಾದರೂ ಗುಟ್ಟು ಬಿಡದ ಪ್ರಕರಣಗಳಿಗೆ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವಿದೆ. 2006ರವರೆಗೆ ಇದರ ಹೆಸರು ಈಥರಿಯಲ್ ಎಂದಿತ್ತು. ಇದನ್ನು ಮೇಲ್ಮಹಡಿಯ ಕಂಪ್ಯೂಟರಿನಲ್ಲಿ ಚಾಲೂ ಮಾಡಿ, ಕೆಳಗೆ ಒಂದು ಹಾಳೆ ಸ್ಕ್ಯಾನ್ ಮಾಡಿಸಬೇಕು. 192.168.10.50ರಿಂದ ಏನೂ ಬಾರದಿದ್ದರೆ ತಡೆ ದಾರಿಯಲ್ಲಿದೆ ಅಥವಾ ಸ್ಕ್ಯಾನರ್‌ನಲ್ಲೇ ಇದೆ. ಸಂಪರ್ಕದ ಕೋರಿಕೆ ಮತ್ತೆ ಮತ್ತೆ ಬರುತ್ತಿದ್ದು ಉತ್ತರ ಹೋಗದಿದ್ದರೆ ಆ ಕಂಪ್ಯೂಟರಿನ ಫೈರ್‌ವಾಲ್ ಕಾರಣವೆಂದೇ ತಿಳಿಯಬಹುದು. ಕೂಡಲೇ ನಿರಾಕರಣೆ ಹೋದರೆ ಹಂಚಿಕೆಯ ಸೇವೆಯೇ ನಿಂತಿದೆ. ಉತ್ತರ ಹೋಗುತ್ತಿದ್ದರೂ ಸ್ಕ್ಯಾನರ್ ಅದೇ ಕೋರಿಕೆಯನ್ನು ಪುನಃ ಕಳುಹಿಸುತ್ತಿದ್ದರೆ ಮರಳುವ ದಾರಿ ಮುರಿದಿದೆ. ಸಂಪರ್ಕವಾಗಿ, ಮಾತುಕತೆಯ ಮೊದಲ ಸಾಲಿನಲ್ಲೇ ಕಡಿದುಹೋದರೆ ಆವೃತ್ತಿ ಹೊಂದುತ್ತಿಲ್ಲ. ಹತ್ತು ನಿಮಿಷದ ಈ ಪರೀಕ್ಷೆ ವಾರದ ವಾಗ್ವಾದವನ್ನು ಉಳಿಸುತ್ತದೆ.

ಒಂದು ಪುಟ ಹೋಗುತ್ತದೆ, ಇಪ್ಪತ್ತು ಬಣ್ಣದ ಪುಟ ಹೋಗುವುದಿಲ್ಲ ಎಂಬ ದೂರು ಬಂದರೆ, ವಿಶೇಷವಾಗಿ ಶಾಖಾ ಕಚೇರಿಗಳನ್ನು ವಿಪಿಎನ್ ಸುರಂಗದಿಂದ ಬೆಸೆದಿರುವಲ್ಲಿ, ಪ್ಯಾಕೆಟ್ ಗಾತ್ರದ ಮಿತಿಯನ್ನು ನೋಡಬೇಕು. ಈಥರ್‌ನೆಟ್‌ನ 1500 ಬೈಟ್‌ಗಳ ಪ್ಯಾಕೆಟ್ ಸುರಂಗದಲ್ಲಿ ಇಡಿಯಾಗಿ ಹಿಡಿಸುವುದಿಲ್ಲ. ‘ಚಿಕ್ಕದು ಮಾಡು’ ಎಂಬ ಸೂಚನೆಯನ್ನು ನಡುವಿನ ಫೈರ್‌ವಾಲ್ ನುಂಗಿದರೆ ದೊಡ್ಡ ಕಡತಗಳು ಅರ್ಧದಲ್ಲೇ ನಿಲ್ಲುತ್ತವೆ.

ಖಾತೆ ಯಾರದು?

ಕಡತ ಹೋಗಲಾರಂಭಿಸಿದ ಮೇಲೆ, ಪರೀಕ್ಷೆಗೆಂದು ತೆರೆದ ಬಾಗಿಲುಗಳನ್ನೆಲ್ಲ ಅದೇ ದಿನ ಮುಚ್ಚಬೇಕು. ಅವಸರದಲ್ಲಿ ಫೋಲ್ಡರ್‌ಗೆ ‘ಎಲ್ಲರಿಗೂ ಪೂರ್ಣ ಅಧಿಕಾರ’ ಕೊಟ್ಟಿದ್ದರೆ ಅದನ್ನು ಹಿಂಪಡೆದು, ಸ್ಕ್ಯಾನರ್‌ಗಾಗಿಯೇ ಒಂದು ಖಾತೆ ತೆರೆದು, ಆ ಒಂದು ಫೋಲ್ಡರ್‌ನಲ್ಲಿ ಮಾತ್ರ ಬರೆಯುವ ಅನುಮತಿ ನೀಡಬೇಕು. ಆಡಳಿತಾಧಿಕಾರವಿರುವ ಖಾತೆಯ ಪಾಸ್‌ವರ್ಡನ್ನು ಸ್ಕ್ಯಾನರ್‌ನ ವಿಳಾಸ ಪುಸ್ತಕದಲ್ಲಿ ತುಂಬುವ ಪದ್ಧತಿ ಅನೇಕ ಕಡೆ ಇದೆ. ಇಂತಹ ಯಂತ್ರಗಳನ್ನು ಹಲವು ಕಚೇರಿಗಳು ಬಾಡಿಗೆಗೆ ಪಡೆದಿರುತ್ತವೆ. ಅವಧಿ ಮುಗಿದಾಗ ಯಂತ್ರ ಹಿಂದಿರುಗುತ್ತದೆ, ವಿಳಾಸ ಪುಸ್ತಕವೂ ಅದರೊಂದಿಗೇ ಹೋಗುತ್ತದೆ. ಒಪ್ಪಿಸುವ ಮುನ್ನ ಯಂತ್ರದ ಸ್ಮೃತಿಯನ್ನು ಕಾರ್ಖಾನೆಯ ಮೂಲ ಸ್ಥಿತಿಗೆ ತಂದು, ಆ ಖಾತೆಯ ಪಾಸ್‌ವರ್ಡ್ ಬದಲಿಸಿ, ಫೈರ್‌ವಾಲ್ ನಿಯಮದಿಂದ 192.168.10.50ನ್ನು ಅಳಿಸಬೇಕು.